ಸೈಕಾಲಜಿ ಎಂ.ಎ.: ಸಾಲದ ಅರ್ಜಿಗೆ ಸಹಿ ಹಾಕೋ ಮುಂಚೆ ಪಗಾರದ ಲೆಕ್ಕ ನೋಡ್ರಿ

ಬೈಲಹೊಂಗಲ: ಡಿಗ್ರಿ ರಿಸಲ್ಟ್ ಬಂದು ಪಿಜಿ ಅರ್ಜಿ ಶುರುವಾಗುವ ಹೊತ್ತಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ಗಳ ಮುಂದೆ ಪಾಳಿ ಇರೋದೇ. ಆ ಪಾಳಿಯೊಳಗೆ ಈಗ ಸೈಕಾಲಜಿ ಅನ್ನೋ ಹೆಸರೂ ಕೇಳಿಬರುತ್ತದೆ. ಕೆಲವು ಕಡೆ ಕೋರ್ಸಿಗೆ ಎಂ.ಎ. ಸೈಕಾಲಜಿ ಅಂತಾರೆ, ಕೆಲವು ಕಡೆ ಅಪ್ಲೈಡ್ ಸೈಕಾಲಜಿ, ಅಂದರೆ ಆನ್ವಯಿಕ ಮನೋವಿಜ್ಞಾನ ಅಂತಾರೆ. ಮೊಬೈಲ್‌ನಲ್ಲಿ ಬರುವ ಜಾಹೀರಾತು ನೋಡಿದರೆ ಎರಡು ವರ್ಷದಾಗ ಮಗ ಅಥವಾ ಮಗಳು ಕ್ಯಾಬಿನ್‌ನಲ್ಲಿ ಕುಂತು ಫೀ ಎಣಿಸುವಂತೆ ಕಾಣುತ್ತದೆ.

ಮನೆಯವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚು ಆಕ್ಕೈತಿ? ಮುಗಿದ ಮ್ಯಾಲೆ ಎಷ್ಟು ಪಗಾರ ಬರತೈತಿ? ಈ ವರದಿ ಅವೆರಡಕ್ಕೂ ಲೆಕ್ಕ ಹಿಡಿದು ಉತ್ತರ ಕೊಡುವ ಪ್ರಯತ್ನ.

ಮೊದಲೇ ಹೇಳಿಬಿಡುವ ಮಾತು ಇಷ್ಟು: ಸೈಕಾಲಜಿ ಎಂ.ಎ. ಒಳ್ಳೆಯ ಓದು. ಆದರೆ ಅದೊಂದೇ ಕೈಯಾಗ ಇದ್ದರೆ ಅದು ಲೈಸೆನ್ಸ್ ಅಲ್ಲ. ದೊಡ್ಡ ಪಗಾರ ಇರೋದು ಅದರ ಮುಂದಿನ ಮೆಟ್ಟಿಲಿಗೆ. ಹಿಂಗಾಗಿ ಮೊದಲ ಮೆಟ್ಟಿಲಿಗೇ ಇದ್ದಬದ್ದ ಸಾಲವೆಲ್ಲ ಮಾಡಿ ಮುಗಿಸಿದರೆ ಮುಂದಿನ ಮೆಟ್ಟಿಲು ಹತ್ತಾಕ ಶಕ್ತಿ ಉಳಿಯೋದಿಲ್ಲ.

ಬೇಡಿಕೆ ಐತಿ ಅನ್ನೋದು ಖರೇನಾ?

ಖರೇನ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬಹುತೇಕರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಹಿಂದೆ ನಮ್ಮ ಕಡೆ ಧಾರವಾಡದ ದವಾಖಾನಿ ಹೆಸರು ಎತ್ತಿದರೆ ಮಂದಿ ನಗುತ್ತಿದ್ದರು. 1845ರಷ್ಟು ಹಳೆಯ ಆ ಆಸ್ಪತ್ರೆ ಇವತ್ತು ಡಿಮ್ಹಾನ್ಸ್ ಆಗಿದೆ, ನಮ್ಮ ನಾಲ್ಕೂ ತಾಲೂಕಿನವರು ಅಲ್ಲಿಗೆ ಹೋಗಿ ಬರುತ್ತಾರೆ. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿ 14416 ನಡೆದಿದೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲು ತೆರೆಯಿತು. ವಿದ್ಯಾರ್ಥಿಗಳ ಆತ್ಮಹತ್ಯೆ ಕುರಿತ ಪ್ರಕರಣದಲ್ಲಿ, 100 ಅಥವಾ ಹೆಚ್ಚು ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್ ಇರಬೇಕು ಎಂದು ಹೇಳಿತು. ನಮ್ಮ ಕಡೆಯ ಎಷ್ಟೋ ಶಾಲೆ, ಕಾಲೇಜು ಈ 100ರ ಲೆಕ್ಕದೊಳಗೆ ಬರುತ್ತವೆ.

ಆದರೆ ಆ ವಾಕ್ಯವನ್ನು ಇನ್ನೊಮ್ಮೆ ಓದ್ರಿ. ಕೌನ್ಸೆಲರ್ ಅಥವಾ ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್. ಎಂಎಸ್‌ಡಬ್ಲ್ಯೂ ಮುಗಿಸಿದವರೂ ಅದೇ ಕುರ್ಚಿಗೆ ಬರಬಹುದು. ಮಂದಿಗೆ ಅಗತ್ಯ ಇರೋದು ಬೇರೆ, ತಿಂಗಳಾ ಪಗಾರ ಕೊಡುವ ಹುದ್ದೆ ಇರೋದು ಬೇರೆ. ಬಜಾರದಾಗ ಮಾಲು ಬೇಕಾದವರು ಬಾಳ ಮಂದಿ ಇದ್ದರೂ ರೊಕ್ಕ ಕೊಟ್ಟು ಒಯ್ಯುವವರು ಎಷ್ಟು ಮಂದಿ ಅಂತ ಅಂಗಡಿಯವರು ನೋಡ್ತಾರಲ್ಲ, ಇಲ್ಲಿಯೂ ಹಂಗ ನೋಡಬೇಕು.

ಎಂ.ಎ. ಮುಗಿದರೆ ಬೋರ್ಡ್ ಹಚ್ಚಬಹುದೇನು?

ಇಲ್ಲೇ ಬಾಳ ಮಂದಿ ತಪ್ಪು ತಿಳಿದಿರುತ್ತಾರೆ. 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂದರೆ ಯಾರು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ ಒಪ್ಪಿದ ಕ್ಲಿನಿಕಲ್ ಸೈಕಾಲಜಿ ಅರ್ಹತೆ ಇರಬೇಕು. ಇಲ್ಲವೇ ಸೈಕಾಲಜಿ, ಕ್ಲಿನಿಕಲ್ ಸೈಕಾಲಜಿ ಅಥವಾ ಅಪ್ಲೈಡ್ ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿ ಇದ್ದು, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಆಗಿರಬೇಕು. ಆ ಎಂ.ಫಿಲ್.ನಲ್ಲಿ ರೋಗಿಗಳ ಜೊತೆ, ಮೇಲ್ವಿಚಾರಕರ ಕೆಳಗೆ ಮಾಡಿದ ತರಬೇತಿ ಸೇರಿರಬೇಕು, ಆರ್‌ಸಿಐ ಒಪ್ಪಿಗೆ ಇರಬೇಕು.

ಈ ಸಾಲಿನಲ್ಲಿ ಎರಡು ಪಾಠ ಇವೆ. ಒಂದು, ಕಾನೂನಿನ ಕಣ್ಣಿಗೆ ಸೈಕಾಲಜಿಯೂ ಅಪ್ಲೈಡ್ ಸೈಕಾಲಜಿಯೂ ಒಂದೇ ಮೆಟ್ಟಿಲು. 'ಅಪ್ಲೈಡ್' ಅನ್ನೋ ಹೆಸರಿಗಾಗಿ ಹೆಚ್ಚು ಫೀ ಕೊಡುವ ಕಾರಣ ಇಲ್ಲ. ಎರಡು, ಎಂ.ಎ. ಆದ ಮೇಲೂ ಇನ್ನೊಂದು ಓದು ಬಾಕಿ ಇರುತ್ತದೆ.

1992ರ ಆರ್‌ಸಿಐ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂ. ವರೆಗೆ ದಂಡ, ಅಥವಾ ಎರಡೂ ಆಗಬಹುದು. ದಂಡ ಸಣ್ಣದು ಖರೆ, ಆದರೆ ತಾಲೂಕಿನಂಥ ಊರಾಗ ಹೆಸರು ಕೆಟ್ಟರೆ ಅಂಗಡಿ ನಡೆಯೋದಿಲ್ಲ.

ಎಂ.ಫಿಲ್. ಬಗ್ಗೆ ಇನ್ನೊಂದು ಗೊಂದಲ ಇದೆ. ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎಂ.ಫಿಲ್.ಗಳಿಗೆ ಮಾತ್ರ 2025-26ರ ಪ್ರವೇಶದವರೆಗೆ ರಿಯಾಯಿತಿ ಕೊಟ್ಟಿತು. ಆ ಜಾಗಕ್ಕೆ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. ಥರದ ಕೋರ್ಸುಗಳನ್ನು ಆರ್‌ಸಿಐ ಮುಂದಿಟ್ಟಿದೆ. ಹಿಂಗಾಗಿ ಈಗ ಸೇರುವವರು ಮೊದಲು ಆರ್‌ಸಿಐ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು ಎರಡೂ ಅದಾವೇನು ಅಂತ ನೋಡಬೇಕು. ಕಾಲೇಜಿನವರ ಬಾಯಿಮಾತು ಸಾಲದು.

ಹಂಗಾದರೆ ಬರೇ ಎಂ.ಎ.ಗೆ ಕೆಲಸವೇ ಇಲ್ಲೇನು? ಐತಿ. ಕೌನ್ಸೆಲಿಂಗ್, ಶಾಲೆ, ಎನ್‌ಜಿಒ, ಕಂಪನಿಗಳ ಎಚ್‌ಆರ್ ವಿಭಾಗ, ಕಾಲೇಜಿನಲ್ಲಿ ಪಾಠ, ಇವೆಲ್ಲ ದಾರಿಗಳು ಇವೆ. ಆದರೆ ಅವುಗಳ ಪಗಾರ ನೋಡಿಯೇ ಸಾಲದ ಅಳತೆ ಹಾಕಬೇಕು.

ಪಗಾರ ಎಷ್ಟು?

ಅಮೆರಿಕದಲ್ಲಿ ಸರ್ಕಾರವೇ 'ಕಾಲೇಜ್ ಸ್ಕೋರ್‌ಕಾರ್ಡ್' ಅಂತ ಒಂದು ವೆಬ್‌ಸೈಟ್ ನಡೆಸುತ್ತದೆ. ಯಾವ ಕಾಲೇಜಿನ ಯಾವ ಕೋರ್ಸ್ ಮುಗಿಸಿದವರು ಎಷ್ಟು ಗಳಿಸುತ್ತಾರೆ, ಎಷ್ಟು ಸಾಲ ಹೊತ್ತಿರುತ್ತಾರೆ ಅನ್ನೋದು ಅಲ್ಲಿ ಸಿಗುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಅಂದರೆ ಎನ್‌ಐಆರ್‌ಎಫ್. ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಸಂಸ್ಥೆಗಳು ಎರಡು ವರ್ಷದ ಪಿಜಿ ಮುಗಿಸಿದವರು ಎಷ್ಟು ಮಂದಿ, ಕೆಲಸ ಸಿಕ್ಕವರು ಎಷ್ಟು, ಅವರ ನಡುಮಟ್ಟದ ಪಗಾರ ಎಷ್ಟು ಅಂತ ಬರೆದುಕೊಟ್ಟಿರುತ್ತವೆ. ಆದರೆ ಅದು ಎಲ್ಲ ವಿಷಯ ಸೇರಿಸಿದ ಲೆಕ್ಕ. ಎಂಬಿಎದವರ ಪಗಾರ, ಸೈಕಾಲಜಿಯವರ ಪಗಾರ ಒಂದೇ ಡಬ್ಬಿಯಾಗ ಇರುತ್ತದೆ. ಕಾಲೇಜಿನವರು 'ನಮ್ಮಲ್ಲಿ ಇಷ್ಟು ಪ್ಯಾಕೇಜ್' ಅಂದರೆ, ಅದು ಸೈಕಾಲಜಿ ವಿಭಾಗದ್ದೇನು ಅಂತ ಕೇಳ್ರಿ.

ನಮ್ಮ ಕಡೆ ಕಣ್ಣಿಗೆ ಕಾಣುವ ಪಗಾರಗಳು ಇವು:

ಮಕ್ಕಳ ರಕ್ಷಣಾ ಘಟಕದ ಕೌನ್ಸೆಲರ್: ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಜಿಲ್ಲಾ ಘಟಕದಲ್ಲಿ ಈ ಹುದ್ದೆ ಇದೆ. 2022ರ ಮಾರ್ಗಸೂಚಿ ಪ್ರಕಾರ ತಿಂಗಳಿಗೆ 18,536 ರೂ., ಅದೂ ಗುತ್ತಿಗೆ ಮೇಲೆ. ಇನ್ನೊಂದು ಮಾತು ಗಮನಿಸಬೇಕು. ಈ ಹುದ್ದೆಗೆ ಸೈಕಾಲಜಿ, ಸಮಾಜಶಾಸ್ತ್ರ, ಸಮಾಜಕಾರ್ಯ ಮೊದಲಾದ ವಿಷಯದ ಡಿಗ್ರಿ ಇದ್ದರೂ ಸಾಕು, ಎಂ.ಎ. ಬೇಕೇ ಬೇಕು ಅಂತಿಲ್ಲ. ಅಂದರೆ ಎಂ.ಎ.ಗೆ ಖರ್ಚು ಮಾಡಿದವರು ಖರ್ಚು ಮಾಡದವರ ಜೊತೆಗೇ ಪಾಳಿ ಹಚ್ಚಬೇಕಾಗುತ್ತದೆ.

ಅತಿಥಿ ಉಪನ್ಯಾಸಕ: ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ರಾಜ್ಯ ಸರ್ಕಾರ 2022ರ ಜನವರಿಯಲ್ಲಿ ಏರಿಸಿತು. ಆಗ ಹೊಸಬರಿಗೆ ಯುಜಿಸಿ ಅರ್ಹತೆ ಇಲ್ಲದಿದ್ದರೆ 26,000, ಇದ್ದರೆ 30,000 ರೂ. ನಿಗದಿ ಆಯಿತು. 2024ರಲ್ಲಿ ಮತ್ತೆ ಹೆಚ್ಚಿಸಲಾಯಿತು. ಆದರೆ ವರ್ಷದ ಹನ್ನೆರಡೂ ತಿಂಗಳು ಕೆಲಸ ಇರುತ್ತದೆ ಅನ್ನೋ ಖಾತ್ರಿ ಇಲ್ಲ. ನೆಟ್, ಕೆ-ಸೆಟ್, ಪಿಎಚ್‌.ಡಿ. ಇಲ್ಲದವರಿಗೆ ದಾರಿ ಬಿಗಿಯಾಗುತ್ತಿದೆ. ಸೈಕಾಲಜಿ ಎಲ್ಲ ಕಾಲೇಜಿನಲ್ಲೂ ಇಲ್ಲ ಅನ್ನೋದೂ ನೆನಪಿರಲಿ.

ಜೆಆರ್‌ಎಫ್: ನೆಟ್ ಪರೀಕ್ಷೆಯಲ್ಲಿ ಮೇಲಿನ ಅಂಕ ತೆಗೆದು ಜೆಆರ್‌ಎಫ್ ಗಿಟ್ಟಿಸಿದರೆ, ಪಿಎಚ್‌.ಡಿ. ಮಾಡುವಾಗ ತಿಂಗಳಿಗೆ 37,000 ರೂ. ಸಿಗುತ್ತದೆ.

ಕಾಯಂ ಸಹಾಯಕ ಪ್ರಾಧ್ಯಾಪಕ: ಯುಜಿಸಿ ಏಳನೇ ವೇತನ ಶ್ರೇಣಿಯಲ್ಲಿ ಮೂಲ ವೇತನವೇ 57,700 ರೂ. ಆದರೆ ಹುದ್ದೆ ಕರೆಯುವುದೇ ಅಪರೂಪ.

ಮೊದಲನೆಯದಕ್ಕೂ ಕೊನೆಯದಕ್ಕೂ ಮೂರು ಪಟ್ಟಿಗಿಂತ ಹೆಚ್ಚು ಅಂತರ. ಎಂ.ಎ. ಎಲ್ಲರ ಹತ್ತಿರವೂ ಇರಬಹುದು. ಪಗಾರ ಬದಲಾಗುವುದು ನೆಟ್, ಪಿಎಚ್‌.ಡಿ., ಆರ್‌ಸಿಐ ನೋಂದಣಿ ಥರದ ಎರಡನೇ ಕಾಗದದಿಂದ.

4 ಲಕ್ಷ ಸಾಲ ಮಾಡಿದರೆ ಎಷ್ಟು ತೀರಿಸಬೇಕು?

ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಓದಿನ ಬಗ್ಗೆ ಬುದ್ಧಿ ಹೇಳೋ ಅಧಿಕಾರ ಇಲ್ಲ. ಬಡ್ಡಿ ಲೆಕ್ಕ ಮಾತ್ರ ಯಾರು ಮಾಡಿದರೂ ಅಷ್ಟೇ ಬರತೈತಿ.

ದೂರದ ಊರಿನ ಖಾಸಗಿ ಕಾಲೇಜು, ಹಾಸ್ಟೆಲ್, ಊಟ ಎಲ್ಲ ಸೇರಿ ಎರಡು ವರ್ಷಕ್ಕೆ 4 ಲಕ್ಷ ರೂ. ಬ್ಯಾಂಕ್ ಸಾಲ ಅಂತ ಹಿಡಿಯೋಣ. ವರ್ಷಕ್ಕೆ 2 ಲಕ್ಷದಂತೆ ಬ್ಯಾಂಕು ಕೊಡುತ್ತದೆ. ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳೋಣ. ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಕೋರ್ಸ್ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರೋದಿಲ್ಲ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತ ಅಲ್ಲ. ಬಡ್ಡಿ ಸುಮ್ಮನೆ ಏರುತ್ತಾ ಇರುತ್ತದೆ.

ಮೊದಲ ವರ್ಷ 2 ಲಕ್ಷಕ್ಕೆ 20,000. ಎರಡನೇ ವರ್ಷ 4 ಲಕ್ಷಕ್ಕೆ 40,000. ಮೂರನೇ ವರ್ಷ, ಕೆಲಸ ಹುಡುಕುವಾಗ, ಮತ್ತೆ 40,000. ಒಟ್ಟು ಬಡ್ಡಿ 1 ಲಕ್ಷ. ಕಂತು ಶುರುವಾಗುವ ದಿನ ಸಾಲ 4 ಲಕ್ಷ ಇರೋದಿಲ್ಲ, 5 ಲಕ್ಷ ಆಗಿರುತ್ತದೆ.

5 ವರ್ಷದಾಗ ತೀರಿಸಿದರೆ: ತಿಂಗಳಿಗೆ ಸುಮಾರು 10,620 ರೂ., ಒಟ್ಟು 6.37 ಲಕ್ಷ.
10 ವರ್ಷದಾಗ ತೀರಿಸಿದರೆ: ತಿಂಗಳಿಗೆ ಸುಮಾರು 6,610 ರೂ., ಒಟ್ಟು 7.93 ಲಕ್ಷ.
15 ವರ್ಷದಾಗ ತೀರಿಸಿದರೆ: ತಿಂಗಳಿಗೆ ಸುಮಾರು 5,370 ರೂ., ಒಟ್ಟು 9.67 ಲಕ್ಷ.

ಈಗ ಇದನ್ನು 18,536 ರೂ. ಪಗಾರದ ಪಕ್ಕದಲ್ಲಿ ಇಡ್ರಿ. 10 ವರ್ಷದ ಕಂತು ಕಟ್ಟಿದರೆ ಕೈಯಾಗ ಉಳಿಯೋದು 12,000ಕ್ಕೂ ಕಡಿಮೆ. ಬೆಳಗಾವಿಯಲ್ಲಿ ರೂಮ್ ಬಾಡಿಗೆ, ಊಟ, ಬಸ್ಸು ಎಲ್ಲ ಅದರಾಗೇ ಆಗಬೇಕು. ಅದೂ ಹತ್ತು ವರ್ಷ. ಆ ಹತ್ತು ವರ್ಷದಾಗ ಮದುವೆ, ಮನೆ, ಮಕ್ಕಳು ಎಲ್ಲ ಬರುತ್ತವೆ.

ಖಾಸಗಿ ಸಾಲ ಇನ್ನೂ ಕಠಿಣ. ನಮ್ಮ ಕಡೆ ಕೈಸಾಲ ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು. ಕೇಳಾಕ ಎರಡೇ ರೂಪಾಯಿ, ವರ್ಷಕ್ಕೆ ಅದು ಶೇ. 24. 4 ಲಕ್ಷಕ್ಕೆ ತಿಂಗಳಿಗೆ 8,000 ಬರೀ ಬಡ್ಡಿ. ಅಸಲು ಇದ್ದಲ್ಲೇ ಇರುತ್ತದೆ. ಓದಿಗೆ ಈ ಸಾಲ ಬೇಡವೇ ಬೇಡ.

ಅಂಗಡಿ ಇದ್ದವರಿಗೆ ಒಂದು ಕಿವಿಮಾತು

ಶಿಕ್ಷಣ ಸಾಲದಲ್ಲಿ ಮಗನೋ ಮಗಳೋ ಮಾತ್ರ ಸಾಲಗಾರರಲ್ಲ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಮಗಳಿಗೆ ಕೆಲಸ ಸಿಗದೆ ಕಂತು ತಪ್ಪಿದರೆ ಅಪ್ಪನ ಸಿಬಿಲ್ ಸ್ಕೋರೂ ಬೀಳುತ್ತದೆ. ಮುಂದೆ ಅಂಗಡಿಯ ಸಿಸಿ ಲಿಮಿಟ್ ಏರಿಸಾಕ, ಗಾಡಿ ಸಾಲ ತಗೊಳ್ಳಾಕ ಹೋದಾಗ ಬ್ಯಾಂಕಿನವರು ಇದನ್ನೇ ತೆಗೆದು ತೋರಿಸುತ್ತಾರೆ. ಅರ್ಜಿ ಮೇಲೆ ಹೆಸರು ಮಗಳದ್ದು, ಭಾರ ಇಡೀ ಮನೆಯದ್ದು.

ಇನ್ನೊಂದು ಉಪಾಯ ಇದೆ. ದಿನಾ ಗಲ್ಲಾಪೆಟ್ಟಿಗೆಯಲ್ಲಿ ಸ್ವಲ್ಪ ರೊಕ್ಕ ಓಡಾಡುವವರು ಓದಿನ ಅವಧಿಯ ಬಡ್ಡಿಯನ್ನು ಆಗಾಗಲೇ ಕಟ್ಟಿಬಿಡಬೇಕು. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 1,670, ಆಮೇಲೆ 3,330 ರೂ. ಹೀಗೆ ಕಟ್ಟಿದರೆ 10 ವರ್ಷದ ಕಂತು 6,610 ಬದಲು 5,290 ಆಗುತ್ತದೆ. ಕಟ್ಟಿದ ಬಡ್ಡಿ ಸೇರಿಸಿದರೂ ಒಟ್ಟು 58,000 ರೂ. ಹತ್ತಿರ ಉಳಿತಾಯ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ಶೇ. 1ರಷ್ಟು ರಿಯಾಯಿತಿಯನ್ನೂ ಕೊಡುತ್ತವೆ. ಕೇಳದೆ ಯಾರೂ ಹೇಳೋದಿಲ್ಲ, ನೀವೇ ಕೇಳಬೇಕು.

ಬ್ಯಾಂಕಿನಲ್ಲಿ ಏನು ಕೇಳಬೇಕು?

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಹೊಲ, ಮನೆ ಅಡವು ಕೇಳುವಂತಿಲ್ಲ. 7.5 ಲಕ್ಷದವರೆಗೆ ಕೇಂದ್ರದ ಸಾಲ ಖಾತರಿ ಯೋಜನೆ ಇದೆ. 'ಹೊಲದ ಉತಾರ ತಗೊಂಡು ಬರ್ರಿ' ಅಂದರೆ ಯಾವ ನಿಯಮದ ಮೇಲೆ ಅಂತ ವಿನಯದಿಂದ ಕೇಳ್ರಿ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಅಡವು, ಜಾಮೀನು ಇಲ್ಲದೆ ಸಾಲ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಇದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗೆ ಶೇ. 3ರಷ್ಟು ಬಡ್ಡಿ ಸಹಾಯ. ಇದು ಎಲ್ಲ ಕಾಲೇಜಿಗೂ ಇಲ್ಲ. ಆ ವರ್ಷದ ಪಟ್ಟಿಯಲ್ಲಿ ನೀವು ಸೇರುವ ಕಾಲೇಜು ಇದ್ದರೆ ಮಾತ್ರ.

ವರಮಾನ 4.5 ಲಕ್ಷದೊಳಗೆ ಇದ್ದರೆ ಓದುವ ಅವಧಿಯ ಪೂರ್ತಿ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯೂ ಇದೆ. ಆದರೆ ಅದು ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ. ನಿಮ್ಮ ಎಂ.ಎ. ಆ ಲೆಕ್ಕಕ್ಕೆ ಬರತೈತೇನು ಅಂತ ಬ್ಯಾಂಕಿನಿಂದ ಬರಹದಲ್ಲಿ ತಗೊಂಡ ಮೇಲೆಯೇ ಅದನ್ನು ನಂಬಿ ಸಾಲ ಮಾಡ್ರಿ.

ಕಡಿಮೆ ಖರ್ಚಿನ ದಾರಿ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಇದೆ. ಕಿತ್ತೂರಿನಿಂದ ಧಾರವಾಡಕ್ಕೆ ಸುಮಾರು 30 ಕಿ.ಮೀ., ಸವದತ್ತಿಯಿಂದ 40 ಕಿ.ಮೀ. ಆಸುಪಾಸು. ಬೈಲಹೊಂಗಲದಿಂದಲೂ ದಿನಾ ಹೋಗಿ ಬರುವವರು ಇದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ರೊಕ್ಕ ಇಲ್ಲ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ. ಮನೆ ಊಟ, ಬಸ್ ಪ್ರಯಾಣ, ಸರ್ಕಾರಿ ಫೀ ಅಂತಾದರೆ ಸಾಲದ ಅಳತೆಯೇ ಬದಲಾಗುತ್ತದೆ. ರಾಮದುರ್ಗದವರಿಗೆ ದಿನಾ ಓಡಾಟ ಕಷ್ಟ. ಅವರು ಸೀಟಿನ ಜೊತೆಗೇ ಸರ್ಕಾರಿ ಹಾಸ್ಟೆಲಿಗೂ ಅರ್ಜಿ ಹಾಕಬೇಕು.

ಎರಡು ವರ್ಷಕ್ಕೆ 1 ಲಕ್ಷ ಮಾತ್ರ ಸಾಲ ಬಿದ್ದರೆ, ಕಂತು ಶುರುವಾಗುವಾಗ ಅದು 1.25 ಲಕ್ಷ ಆಗಿರುತ್ತದೆ. 5 ವರ್ಷಕ್ಕೆ ತಿಂಗಳಿಗೆ ಸುಮಾರು 2,660 ರೂ. 18,536ರ ಪಗಾರದಲ್ಲೂ ಇದನ್ನು ಕಟ್ಟಬಹುದು. ಅಷ್ಟೇ ಅಲ್ಲ, ನೆಟ್ ತಯಾರಿಗೆ, ಮುಂದಿನ ಕ್ಲಿನಿಕಲ್ ಕೋರ್ಸಿಗೆ ಸಾಲ ಮಾಡುವ ಶಕ್ತಿ ಉಳಿದಿರುತ್ತದೆ.

ದೂರಶಿಕ್ಷಣದ ಆಸೆ ಇದ್ದವರು ಇದನ್ನು ಓದಲೇಬೇಕು. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯೊಳಗೆ ಬರುವ ಕೋರ್ಸುಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನಡೆಸಬಾರದು ಅಂತ ಯುಜಿಸಿ ಆದೇಶ ಮಾಡಿದೆ. ಅದರಲ್ಲಿ ಸೈಕಾಲಜಿಯೂ ಇದೆ. 'ಮನೆಯಲ್ಲೇ ಕುಂತು ಎಂ.ಎ. ಸೈಕಾಲಜಿ' ಅಂತ ಈಗ ಯಾರಾದರೂ ಫೀ ಕೇಳಿದರೆ, ಒಂದು ರೂಪಾಯಿ ಕೊಡೋ ಮುಂಚೆ ಯುಜಿಸಿ ವೆಬ್‌ಸೈಟ್ ನೋಡ್ರಿ.

ರಾಜ್ಯದ ಸಹಾಯಗಳಲ್ಲಿ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಯುವನಿಧಿ ಬಗ್ಗೆ ಮಾತ್ರ ಹುಷಾರು. ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂ. ಸಿಗುವ ಯೋಜನೆ ಇದು, ಹೆಚ್ಚೆಂದರೆ ಎರಡು ವರ್ಷ. ಉನ್ನತ ಓದು ಮುಂದುವರಿಸಿದವರಿಗೆ ಅದು ಸಿಗೋದಿಲ್ಲ. ಎಂ.ಎ. ಸೇರಿ ಯುವನಿಧಿ ರೊಕ್ಕದಿಂದ ಬಡ್ಡಿ ಕಟ್ಟೋಣ ಅಂತ ಲೆಕ್ಕ ಹಾಕಬ್ಯಾಡ್ರಿ.

ಸಹಿ ಹಾಕೋ ಮುಂಚೆ ಐದು ಪ್ರಶ್ನೆ

1. ಕೋರ್ಸ್ ರೆಗ್ಯುಲರ್ ಏನು? ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಐತೇನು?

2. ಮುಗಿದ ಮೇಲೆ ಆರ್‌ಸಿಐ ನೋಂದಣಿ ಸಿಗತೈತೇನು? ಸಿಗದಿದ್ದರೆ ಅದಕ್ಕೆ ಮುಂದೆ ಎಷ್ಟು ವರ್ಷ, ಎಷ್ಟು ರೊಕ್ಕ?

3. ಹೋದ ವರ್ಷ ಸೈಕಾಲಜಿ ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡ್ತಾರ? ನಾಲ್ಕು ಮಂದಿಯ ಫೋನ್ ನಂಬರ್ ಕೊಡಾಕ ಕಾಲೇಜು ಒಪ್ಪತೈತೇನು?

4. ಆಸ್ಪತ್ರೆಯಲ್ಲಿ ಅಥವಾ ಶಾಲೆಯಲ್ಲಿ ಇಂಟರ್ನ್‌ಶಿಪ್ ಎಷ್ಟು ತಾಸು? ಬರೇ ಪುಸ್ತಕ ಓದಿದವರಿಗೆ ಕೆಲಸ ಕೊಡುವವರು ಕಡಿಮೆ.

5. ಎರಡನೇ ವರ್ಷದ ಫೀ, ಪರೀಕ್ಷಾ ಫೀ, ಹಾಸ್ಟೆಲ್ ಸೇರಿ ಒಟ್ಟು ಎಷ್ಟು? ಮೊದಲ ವರ್ಷದ್ದಷ್ಟೇ ಹೇಳಿದರೆ ಒಪ್ಪಬ್ಯಾಡ್ರಿ.

ಕೊನೆಗೆ ಒಂದು ಅಳತೆ. ಕಂತು, ಸಿಗಬಹುದಾದ ಅತಿ ಕಡಿಮೆ ಪಗಾರದ ಕಾಲುಭಾಗ ದಾಟಬಾರದು ಅಂತ ಇಟ್ಟುಕೊಳ್ಳೋಣ. ಜಾಹೀರಾತಿನ ಪಗಾರ ಬಿಡ್ರಿ, ನಮ್ಮ ಜಿಲ್ಲೆಯ 18,536 ಹಿಡೀರಿ. ಅದರ ಕಾಲುಭಾಗ 4,634 ರೂ. ಶೇ. 10 ಬಡ್ಡಿ, 10 ವರ್ಷದ ಕಂತು, ಓದುವಾಗ ಬಡ್ಡಿ ಕಟ್ಟಿಲ್ಲ ಅಂದರೆ ಸಾಲದ ಮಿತಿ ಸುಮಾರು 2.8 ಲಕ್ಷ. 5 ವರ್ಷದಾಗ ತೀರಿಸಬೇಕು ಅಂದರೆ 1.75 ಲಕ್ಷದೊಳಗೆ. ಇದಕ್ಕಿಂತ ಹೆಚ್ಚು ಕೇಳುವ ಕಾಲೇಜಿಗೆ ಹೋಗಬೇಕಾದರೆ, ಎರಡನೇ ಕಾಗದ ಯಾವುದು, ಅದು ಎಲ್ಲಿಂದ ಬರತೈತಿ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಅದು ಗೊತ್ತಿದ್ದವರು ಧೈರ್ಯದಿಂದ ಓದಲಿ. ನಮ್ಮ ತಾಲೂಕುಗಳಿಗೆ ಅಂಥವರು ಖಂಡಿತ ಬೇಕು.